ಸೆಮಿಸ್ಟರಿನ ಲೆಕ್ಕ ಮತ್ತು ಮರದ ಲೆಕ್ಕ

ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಓದುವ ವಿದ್ಯಾರ್ಥಿಗಳು ಕೊನೆಯ ವರ್ಷ ಮಾಡುವ ಪ್ರಾಜೆಕ್ಟನ್ನು ಸಂಶೋಧನೆ ಎಂದು ಕರೆಯಬಹುದೇ ಎಂಬ ಪ್ರಶ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿವರ್ಷ ವೈವಾ ಮುಗಿದ ಸಂಜೆ ಏಳುತ್ತದೆ. ಕರೆಯಕೂಡದು ಎನ್ನುವವರ ವಾದದಲ್ಲಿ ಹುರುಳಿದೆ. ಇಂಟರ್ನಲ್ಸ್, ಪ್ರಾಕ್ಟಿಕಲ್ ಪರೀಕ್ಷೆ, ವಾರ್ಷಿಕೋತ್ಸವಗಳೆಲ್ಲ ಕಳೆದು ಒಂದು ಸೆಮಿಸ್ಟರಿನಲ್ಲಿ ಉಳಿಯುವುದು ಕೆಲವೇ ವಾರ. ಅಷ್ಟರಲ್ಲಿ ವಿಷಯ ಆರಿಸಿ, ಬೆಟ್ಟ ಸುತ್ತಿ, ಲೆಕ್ಕ ಹಾಕಿ, ಡಿಟಿಪಿ ಮಾಡಿಸಿ, ಬೈಂಡಿಂಗ್ ಹಾಕಿಸಿ ಒಪ್ಪಿಸಬೇಕು. ಹೀಗೆ ಬಂದ ಪ್ರತಿಗಳಲ್ಲಿ ಪೀಠಿಕೆ ಹಿಂದಿನ ವರ್ಷದವರದ್ದಾಗಿದ್ದು ಕೃತಜ್ಞತೆಯ ಪುಟವೊಂದೇ ಸ್ವಂತದ್ದಾಗಿರುವುದೂ ಉಂಟು. ಆದರೂ ಮಲೆನಾಡಿನ ಸಣ್ಣ ಊರೊಂದರ ಕಾಲೇಜಿನಲ್ಲಿ ಬಹುಕಾಲ ಸಸ್ಯಶಾಸ್ತ್ರ ಕಲಿಸಿದ ಮೇಲೆ ನನಗೆ ಅನ್ನಿಸುವುದು ಬೇರೆ. ಈ ಕೆಲಸ ಸೊರಗುವುದು ವಿದ್ಯಾರ್ಥಿಗಳ ಎಳೆತನದಿಂದಲ್ಲ, ಕ್ಯಾಲೆಂಡರಿನಿಂದ. ಗಿಡ, ಮರ, ಕಪ್ಪೆ, ಕಣಜಗಳ ವರ್ಷವನ್ನು ಒಬ್ಬ ವಿದ್ಯಾರ್ಥಿಯ ಒಂದು ಸೆಮಿಸ್ಟರಿಗೆ ತುರುಕಲು ಹೋದರೆ ಎರಡೂ ಕೆಡುತ್ತವೆ. ಅದೇ ಕೆಲಸವನ್ನು ಒಂದು ತಂಡ ಮುಂದಿನ ತಂಡಕ್ಕೆ ದಾಟಿಸುವಂತೆ ಯೋಜಿಸಿದರೆ, ಪಿಎಚ್‌.ಡಿ. ಮಾಡುವವರಿಗೂ ದಕ್ಕದ ದೀರ್ಘಕಾಲದ ಮಾಹಿತಿ ಒಂದು ಬಡ ಕಾಲೇಜಿಗೆ ದಕ್ಕಬಹುದು.

ನಮ್ಮಲ್ಲಿ ಆರನೆಯ ಸೆಮಿಸ್ಟರು ಸಾಮಾನ್ಯವಾಗಿ ಬೇಸಿಗೆಗೆ ಬೀಳುತ್ತದೆ. ಹಾಗಾಗಿ ಪ್ರಾಜೆಕ್ಟಿಗೆ ಸಿಗುವುದು ಬೇಸಿಗೆಯ ಕಾಡು ಮಾತ್ರ. ಪಶ್ಚಿಮಘಟ್ಟದಲ್ಲಿ ಮಳೆಗಾಲವನ್ನು ಬಿಟ್ಟು ಜೀವವೈವಿಧ್ಯವನ್ನು ಅಭ್ಯಾಸ ಮಾಡುವುದೆಂದರೆ ಕಥೆಯ ಅರ್ಧವನ್ನೇ ಹರಿದು ಬಿಸಾಡಿ ಓದಿದ ಹಾಗೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಿಂದ 2014ರಲ್ಲಿ ಜಗತ್ತಿಗೆ ಪರಿಚಯವಾದ ಕುಂಬಾರ ಕಪ್ಪೆಯನ್ನೇ ತೆಗೆದುಕೊಳ್ಳಿ. ನೀರಿನ ಮೇಲೆ ಚಾಚಿದ ಕಡ್ಡಿಗೋ ತೊಗಟೆಗೋ ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಳ್ಳದ ತಳದಿಂದ ಮುಂಗಾಲುಗಳಲ್ಲಿ ಕೆಸರು ಎತ್ತಿ ತಂದು ಆ ಮೊಟ್ಟೆಗಳಿಗೆ ಬಳಿಯುತ್ತದೆ. ಇದನ್ನು ನೋಡಬೇಕಾದರೆ ಜಡಿಮಳೆಯ ರಾತ್ರಿ ಹಳ್ಳದಲ್ಲಿ ನಿಲ್ಲಬೇಕು. ಆ ರಾತ್ರಿಗಳಲ್ಲಿ ನಮ್ಮ ವಿದ್ಯಾರ್ಥಿಗಳು ಫಲಿತಾಂಶಕ್ಕೆ ಕಾಯುತ್ತಿರುತ್ತಾರೆ, ಇಲ್ಲವೇ ಎಂ.ಎಸ್ಸಿ. ಪ್ರವೇಶದ ಅರ್ಜಿ ತುಂಬುತ್ತಿರುತ್ತಾರೆ. 2016ರಲ್ಲಿ ಮಣಿಪಾಲದ ಸುತ್ತಲ ಮುರಕಲ್ಲಿನ ಹಾಸುಗಳಿಂದ ಹೊಸ ಪ್ರಭೇದವೆಂದು ವರದಿಯಾದ, ಹೆಬ್ಬೆರಳ ಉಗುರಿನಷ್ಟಿರುವ ಪುಟ್ಟ ಕಪ್ಪೆಯದೂ ಇದೇ ಕಥೆ. ಅದರ ಕೂಗನ್ನು ಜೀರುಂಡೆಯದೆಂದು ತಿಳಿದು ದಾಟಿಹೋಗುವುದು ಸುಲಭ. ಊರಂಚಿನ ಬೋಳು ಮೈದಾನವೆಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗದಲ್ಲಿ ಅದು ಮಳೆಗಾಲದುದ್ದಕ್ಕೂ ಕೂಗುತ್ತಿತ್ತು.

ಎರಡನೆಯ ತೊಡಕು ವಿದ್ಯಾರ್ಥಿಗಳ ಮನಸ್ಸಿನಲ್ಲಿರುವ ವನ್ಯಜೀವಿಯ ಚಿತ್ರದ್ದು. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಯಾವುದರ ಮೇಲೆ ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಮೊದಲು ಬರುವ ಉತ್ತರ ಹುಲಿ, ಆಮೇಲೆ ಆನೆ. ತಪ್ಪೇನಲ್ಲ, 2022ರ ಗಣತಿಯ ಪ್ರಕಾರ 563 ಹುಲಿಗಳಿರುವ ರಾಜ್ಯದಲ್ಲಿ ಆ ಆಸೆ ಹುಟ್ಟದಿದ್ದರೇ ವಿಚಿತ್ರ. ಆದರೆ ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿ, ಪ್ರಸ್ತಾವನೆ, ಸ್ಪಷ್ಟೀಕರಣ, ಮರುಪತ್ರ ಎಲ್ಲ ಮುಗಿಯುವ ಹೊತ್ತಿಗೆ ಸೆಮಿಸ್ಟರು ಮುಗಿದಿರುತ್ತದೆ. ಈ ನಿಯಮವನ್ನು ನಾನು ದೂರುವುದಿಲ್ಲ. ಅರೆ ತಯಾರಿಯ ಹುಡುಗರ ಗುಂಪನ್ನು ಆನೆ ಓಡಾಡುವ ಕಾಡಿಗೆ ಕಳಿಸುವ ಧೈರ್ಯ ನನಗೂ ಇಲ್ಲ. ಆದ್ದರಿಂದ ಪ್ರಶ್ನೆಗಳನ್ನು ಅಭಯಾರಣ್ಯದ ಗೇಟಿನ ಈಚೆಗೆ ಹುಡುಕಬೇಕು, ಮತ್ತು ಈಚೆಗೆ ಕೊರತೆಯೇನೂ ಇಲ್ಲ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಕಾನು ಎಂದು ಕರೆಯುವ ದಟ್ಟ ನಿತ್ಯಹಸಿರು ಕಾಡುಗಳಿವೆ, ಅಡಿಕೆ ತೋಟಕ್ಕೆ ಹೊಂದಿಕೊಂಡು ಅದಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟಗಳಿವೆ. ಏನೂ ಇಲ್ಲದ ಊರಿನಲ್ಲಿ ಕೆರೆಯೊಂದಾದರೂ ಇರುತ್ತದೆ, ಕಾಲೇಜಿನ ಹಿತ್ತಿಲಿನಲ್ಲಿ ಅತ್ತಿಮರವಾದರೂ ಇರುತ್ತದೆ.

ಅತ್ತಿಮರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ಪ್ರಾಣಿಗಳನ್ನು ಕೊಯ್ದು ಅಭ್ಯಾಸ ಮಾಡುವುದನ್ನು ನಿಲ್ಲಿಸಿದಾಗ ಪ್ರಾಣಿಶಾಸ್ತ್ರದ ಪ್ರಯೋಗಾಲಯಗಳು ಬಿಕೋ ಎನ್ನತೊಡಗಿದವು. ಹಲವು ಕಡೆ ಗೋಡೆಯ ಮೇಲಿನ ಚಾರ್ಟುಗಳೇ ಗತಿಯಾದವು. ಆ ಜಾಗವನ್ನು ಒಂದು ಅತ್ತಿಕಾಯಿ ತುಂಬಬಲ್ಲದು. ಅತ್ತಿಹಣ್ಣು ಬಿಡಿಸಿದರೆ ಹುಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಹುಳ ಯಾವುದು, ಅಲ್ಲಿಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಬಲಿಯುತ್ತಿರುವ ಕಾಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ಕೈಮಸೂರದಲ್ಲಿ ನೋಡಿದರೆ ಒಳಗೋಡೆಯ ತುಂಬ ಒತ್ತೊತ್ತಾಗಿ ಹೂಗಳು ಕಾಣುತ್ತವೆ. ಕಾಯಿ ಎಂದು ನಾವು ಕರೆಯುವುದು ಒಳಮುಖವಾಗಿ ಅರಳಿದ ಹೂಗೊಂಚಲು. ತುದಿಯ ಕಿರಿದಾದ ಬಾಯಿಯಲ್ಲಿ ನುಸುಳುವಾಗ ಪುಟ್ಟ ಹೆಣ್ಣು ಕಣಜದ ರೆಕ್ಕೆ ಮುರಿದು ಉದುರುತ್ತದೆ, ಅದು ಮತ್ತೆ ಹೊರಗೆ ಬರುವುದಿಲ್ಲ. ಪರಾಗ ಹರಡಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಒಳಗೆ ಹುಟ್ಟಿದ ಮರಿಹೆಣ್ಣುಗಳು ಹೊರಬಿದ್ದ ಮೇಲೆ ಬದುಕುವುದು ಒಂದೆರಡು ದಿನ. ಅಷ್ಟರೊಳಗೆ ಸರಿಯಾದ ಹಂತದಲ್ಲಿ ಕಾಯಿ ಹೊತ್ತ ಇನ್ನೊಂದು ಅತ್ತಿಮರವನ್ನು ಹುಡುಕಿಕೊಳ್ಳಬೇಕು. ಇದೇ ಕಾಯಿಯನ್ನು ಹೊರಗಿನಿಂದ ಉದ್ದನೆಯ ಸೂಜಿಯಂಥ ಅಂಗದಿಂದ ಚುಚ್ಚಿ ಮೊಟ್ಟೆಯಿಡುವ, ಪರಾಗಸ್ಪರ್ಶಕ್ಕೆ ಏನೂ ನೆರವಾಗದ ಬೇರೆ ಕಣಜಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಈ ಅತ್ತಿ ಮತ್ತು ಕಣಜಗಳ ಸಂಬಂಧವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಅಲ್ಲಿನ ಉಪಕರಣಗಳು ನಮಗಿಲ್ಲ. ಆದರೆ ಕಾಲೇಜಿನ ಸುತ್ತಮುತ್ತಲ ಅತ್ತಿಮರಗಳಲ್ಲಿ ಯಾವುದು ಯಾವ ವಾರ ಕಾಯಿ ಕಟ್ಟಿತು, ಕಣಜ ಹೊರಬಿದ್ದದ್ದು ಯಾವಾಗ, ಆಗ ಅದನ್ನು ಬರಮಾಡಿಕೊಳ್ಳಲು ಇನ್ನೊಂದು ಮರ ಸಿದ್ಧವಿತ್ತೇ ಎಂದು ಬರೆದಿಡಲು ನೋಟ್‌ಬುಕ್ಕೂ ಬೈನಾಕ್ಯುಲರೂ ಸಾಕು.

ಸಾಮಾನು ಕಡಿಮೆ ಎಂಬ ಕೊರಗಿಗೆ ನಾನು ವಿದ್ಯಾರ್ಥಿಗಳಿಗೆ ಕೊಡುವ ಇನ್ನೊಂದು ಉದಾಹರಣೆ ವಿಜ್ಞಾನಿ ರಾಘವೇಂದ್ರ ಗದಗ್ಕರ್ ಅವರದು. ಅವರು ಪಿಎಚ್‌.ಡಿ. ಮಾಡಿದ್ದು ಆಣ್ವಿಕ ಜೀವವಿಜ್ಞಾನದಲ್ಲಿ (ಮಾಲಿಕ್ಯುಲರ್ ಬಯಾಲಜಿ). ಹೆಸರಾದದ್ದು ಕಿಟಕಿ, ಸೂರುಗಳಲ್ಲಿ ಕಾಗದದಂಥ ಗೂಡು ಕಟ್ಟುವ ಸಾಧಾರಣ ಕಣಜವೊಂದರ ಸಮಾಜವನ್ನು ಅಭ್ಯಾಸ ಮಾಡಿ. ಪ್ರತಿಯೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಹಿಡಿದು, ಯಾರು ಏನು ಮಾಡಿದರೆಂದು ಬರೆದಿಡುವುದು ಆ ಕೆಲಸದ ಬುನಾದಿ. ತಾಳ್ಮೆಗೆ ಅನುದಾನ ಬೇಕಿಲ್ಲ ಎಂದು ಹೇಳಿ ಸರ್ಕಾರದ ಜವಾಬ್ದಾರಿಯನ್ನು ಮನ್ನಾ ಮಾಡುವುದು ನನ್ನ ಉದ್ದೇಶವಲ್ಲ. ಒಂದು ಒಳ್ಳೆಯ ಸೂಕ್ಷ್ಮದರ್ಶಕಕ್ಕಾಗಿ ನಾವು ಬರೆದ ಪತ್ರಗಳ ಫೈಲೇ ಒಂದು ಪ್ರಾಜೆಕ್ಟಿನಷ್ಟು ದಪ್ಪವಿದೆ.

ಇನ್ನು ನಮ್ಮದೇ ಕೆಲಸಕ್ಕೆ ಬರುತ್ತೇನೆ. ಹತ್ತಿರದ ಹಳ್ಳಿಯ ಸೊಪ್ಪಿನ ಬೆಟ್ಟವೊಂದರಲ್ಲಿ ಪುನರ್ಪುಳಿಯ ಬಂಧುವಾದ ಉಪ್ಪಾಗೆ ಮರಗಳನ್ನು ಗುರುತಿಸಿ ವರ್ಷವರ್ಷವೂ ನೋಡುವುದು ನಮ್ಮ ವಿಭಾಗದ ವಿದ್ಯಾರ್ಥಿಗಳು ತಂಡದಿಂದ ತಂಡಕ್ಕೆ ನಡೆಸಿಕೊಂಡು ಬಂದಿರುವ ಕೆಲಸ. ಉಪ್ಪಾಗೆಯ ಸಿಪ್ಪೆ ಹುಳಿಗೆ, ಬೀಜದ ತುಪ್ಪ ಅಡುಗೆಗೆ ಎಂದು ಮನೆಬಳಕೆಯಲ್ಲಿದ್ದದ್ದು, 1990ರ ದಶಕದಲ್ಲಿ ಅದರ ಹುಳಿಯ ಅಂಶ ತೂಕ ಇಳಿಸುತ್ತದೆಂಬ ನಂಬಿಕೆ ವಿದೇಶಗಳಲ್ಲಿ ಹಬ್ಬಿದ ಮೇಲೆ ಒಮ್ಮೆಲೇ ದುಡ್ಡಿನ ಬೆಳೆಯಾಯಿತು. 1998ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದು ಅದರಿಂದ ತೂಕವೇನೂ ಇಳಿಯಲಿಲ್ಲವೆಂದು ಹೇಳಿದರೂ ವ್ಯಾಪಾರ ನಿಲ್ಲಲಿಲ್ಲ. ಹಣ್ಣಾಗುವುದು ಮಳೆಗಾಲದಲ್ಲಿ; ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ಕಟ್ಟಿಗೆ ಬೇಕು, ಆ ಕಟ್ಟಿಗೆ ಬರುವುದೂ ಅದೇ ಬೆಟ್ಟದಿಂದ. ಒಂದು ಮರವನ್ನು ಹಿಡಿದು ಹೊರಟರೆ ಅರಣ್ಯ, ಮಾರುಕಟ್ಟೆ, ಒಲೆ ಎಲ್ಲವೂ ಪ್ರಶ್ನೆಯೊಳಗೆ ಬರುತ್ತವೆ ಎಂಬ ಕಾರಣಕ್ಕೇ ಇದು ಪದವಿ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ವಿಷಯ.

ಮೊದಲ ತಂಡದವರಿಗೆ ಇದ್ದದ್ದು ಎಷ್ಟು ಮರ, ಎಷ್ಟು ದಪ್ಪ ಎಂಬ ಪ್ರಶ್ನೆ ಮಾತ್ರ. ಮರಕ್ಕೆ ತಗಡಿನ ಬಿಲ್ಲೆ ಹೊಡೆಯುತ್ತಿದ್ದ ಹುಡುಗಿಯರನ್ನು ಬೆಟ್ಟದ ಯಜಮಾನರು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಒಂದು ಮರದ ಹತ್ತಿರ ಬಂದಾಗ ಹೇಳಿದರು: “ಅದಕ್ಕೆ ನಂಬರ್ ಹಾಕಿ ಏನು ಮಾಡ್ತೀರಿ ತಂಗೀ? ಅದು ಗಂಡು ಮರ, ಕಾಯಿ ಬಿಡೋದಿಲ್ಲ.”

“ಹಾಗಾದ್ರೆ ಅದನ್ನ ಕಡೀದೆ ಯಾಕೆ ಬಿಟ್ಟಿದೀರಿ ಹೆಗಡೇರೇ?” ಎಂದು ಒಬ್ಬಳು ಕೇಳಿದಳು.

“ಎಲ್ಲಾ ಹೆಣ್ಣೇ ಆದ್ರೆ ಕಾಯಿ ಎಲ್ಲಿಂದ ಬರಬೇಕು? ನಮ್ಮಪ್ಪ ಬಿಟ್ಟಿದ್ರು, ನಾನೂ ಬಿಟ್ಟೆ. ಆಚೆ ಬೆಟ್ಟದಲ್ಲಿ ಎಲ್ಲಾ ತೆಗೆದಿದಾರೆ ನೋಡಿ.”

ಪ್ರಾಜೆಕ್ಟಿನ ದಿಕ್ಕು ಬದಲಾದದ್ದು ಅಲ್ಲಿಂದ. ಉಪ್ಪಾಗೆಯಲ್ಲಿ ಸಾಮಾನ್ಯವಾಗಿ ಗಂಡು ಹೂಗಳ ಮರ ಬೇರೆ, ಹೆಣ್ಣು ಹೂಗಳ ಮರ ಬೇರೆ ಎಂಬುದು ಪಠ್ಯದಲ್ಲಿಯೂ ಇದೆ. ಆದರೆ ಕಾಯಿ ಬಿಡದ ಮರವೆಂದು ಗಂಡನ್ನೇ ಆರಿಸಿ ಸೌದೆಗೆ ಕಡಿದ ಬೆಟ್ಟದಲ್ಲಿ ಉಳಿದ ಹೆಣ್ಣು ಮರಗಳ ಫಸಲು ಏನಾಗುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ. ಪಕ್ಕಪಕ್ಕದಲ್ಲಿರುವ ಎರಡು ಬೆಟ್ಟಗಳು, ಒಂದರಲ್ಲಿ ಗಂಡು ಉಳಿದಿದೆ, ಇನ್ನೊಂದರಲ್ಲಿ ವಿರಳ. ಹೋಲಿಸಿ ನೋಡಲು ಯಾರೋ ಮೊದಲೇ ಪ್ರಯೋಗ ಹೂಡಿಟ್ಟ ಹಾಗಿತ್ತು. ಎರಡೇ ಬೆಟ್ಟಗಳಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ಮಣ್ಣು, ನೆರಳು, ಸೊಪ್ಪು ಕಡಿಯುವ ರೀತಿ ಎಲ್ಲವೂ ಬೇರೆಯಾಗಿರಬಹುದು ಎಂಬುದನ್ನು ವಿದ್ಯಾರ್ಥಿಗಳೇ ವೈವಾದಲ್ಲಿ ಹೇಳಿದರು. ಆ ಮಾತು ಅವರ ಬಾಯಿಂದ ಬಂದದ್ದು ನನಗೆ ಅವರ ಕೋಷ್ಟಕಗಳಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು.

ಸೆಮಿಸ್ಟರಿನ ಅಡ್ಡಿ ನಿಚ್ಚಳವಾಗಿ ಕಂಡದ್ದೂ ಇಲ್ಲಿಯೇ. ಹೂ ಬರುವುದು ಬೇಸಿಗೆಯ ಮೊದಲಲ್ಲಿ, ಆಗ ಆರನೆಯ ಸೆಮಿಸ್ಟರಿನವರು ಇರುತ್ತಾರೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿದರೆ ಗಂಡಿನ ನಡುವೆ ಕೇಸರಗಳ ಗುಂಪು, ಹೆಣ್ಣಿನ ನಡುವೆ ಪುಟ್ಟ ಕಾಯಿಯಂತೆ ಉಬ್ಬಿದ ಅಂಡಾಶಯ. ಲಿಂಗ ಗುರುತಿಸಲು ಇದೊಂದೇ ಕಾಲ. ಕಾಯಿ ಎಣಿಸಬೇಕಾದದ್ದು ಮಳೆಗಾಲದಲ್ಲಿ, ಆ ಹೊತ್ತಿಗೆ ಹೂ ನೋಡಿದವರು ಕಾಲೇಜು ಬಿಟ್ಟಿರುತ್ತಾರೆ. ಆದ್ದರಿಂದ ಐದನೆಯ ಸೆಮಿಸ್ಟರಿಗೆ ಬರುವವರು ಹಿಂದಿನವರ ರಿಜಿಸ್ಟರನ್ನು ತೆಗೆದುಕೊಂಡು ಕಾಯಿ ಎಣಿಸುತ್ತಾರೆ, ಬೇಸಿಗೆಗೆ ತಾವೇ ಹೂ ನೋಡುತ್ತಾರೆ, ಆಮೇಲೆ ರಿಜಿಸ್ಟರು ಮುಂದಿನವರಿಗೆ. ವಿಶ್ವವಿದ್ಯಾಲಯದ ದೃಷ್ಟಿಯಲ್ಲಿ ಪ್ರತಿ ತಂಡದ್ದೂ ಪ್ರತ್ಯೇಕ ಪ್ರಾಜೆಕ್ಟು. ನಮ್ಮ ರಿಜಿಸ್ಟರಿನಲ್ಲಿ ಮಾತ್ರ ಒಂದೇ.

ದಾಟಿಸುವುದೆಂದರೆ ಪುಸ್ತಕ ಕೈಬದಲಾಯಿಸಿದಷ್ಟು ಸಲೀಸಲ್ಲ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕೆಂಬುದು ಎಲ್ಲರಿಗೂ ಬಾಯಿಪಾಠ. ಇಳಿಜಾರಿನಲ್ಲಿ ನಿಂತ ಮರಕ್ಕೆ ನೆಲ ಯಾವ ಕಡೆಯದು? ಒಬ್ಬರು ಮೇಲಿನ ಬದಿಯಿಂದ ಅಳೆದು ಇನ್ನೊಬ್ಬರು ಕೆಳಗಿನ ಬದಿಯಿಂದ ಅಳೆದರೆ, ಟೇಪು ಕೊಂಚ ಓರೆಯಾದರೆ, ತೊಗಟೆಯ ಚಕ್ಕೆ ಉದುರಿದರೆ, ಬದುಕಿರುವ ಮರ ವರ್ಷದಲ್ಲಿ ಸಣ್ಣದಾಗಿ ತೋರುತ್ತದೆ. ನಿಧಾನವಾಗಿ ಬೆಳೆಯುವ ಮರ ಒಂದು ವರ್ಷದಲ್ಲಿ ದಪ್ಪವಾಗುವುದು ಕೆಲವೇ ಮಿಲಿಮೀಟರ್. ಅಳತೆಯ ತಪ್ಪು ಬೆಳವಣಿಗೆಗಿಂತ ದೊಡ್ಡದಾಗಿರಬಹುದೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು ಇಂಥ ಕಡೆ, ಸಂಖ್ಯಾಶಾಸ್ತ್ರದ ತರಗತಿಯಲ್ಲಲ್ಲ. ಪರಿಹಾರವೇನೋ ಸರಳ, ಅಳತೆ ತೆಗೆದ ಜಾಗಕ್ಕೆ ತೆಳ್ಳಗೆ ಬಣ್ಣದ ಗೆರೆ ಎಳೆಯುವುದು. ಮಾದರಿಗಳ ವಿಷಯದಲ್ಲಿಯೂ ಹೀಗೆಯೇ. ಮಳೆಗಾಲದಲ್ಲಿ ಸಂಗ್ರಹಿಸಿದ ಗಿಡವನ್ನು ಪ್ರೆಸ್ಸಿನಲ್ಲಿ ಹಳೆಯ ಪತ್ರಿಕೆಗಳ ನಡುವೆ ಇಟ್ಟು ದಿನವೂ ಕಾಗದ ಬದಲಾಯಿಸಿದರೂ ಬೂಷ್ಟು ಹಿಡಿಯುತ್ತದೆ. ಅಡಿಕೆ ಒಣಗಿಸುವ ಡ್ರೈಯರಿನ ಮೂಲೆಯಲ್ಲಿ ಪ್ರೆಸ್ಸು ಇಡುವ ಉಪಾಯ ಕಂಡುಹಿಡಿದದ್ದು ತೋಟದ ಮನೆಯ ಹುಡುಗನೊಬ್ಬ. ಒಣಗಿದ್ದನ್ನು ಹಾಳೆಗೆ ಹೊಲಿದು, ಊರು, ದಿನಾಂಕ, ಸಂಗ್ರಹ ಸಂಖ್ಯೆ, ಒಣಗಿದ ಮೇಲೆ ಮಾಸಿಹೋಗುವ ಹೂವಿನ ಬಣ್ಣ ಇಷ್ಟನ್ನೂ ಚೀಟಿಯಲ್ಲಿ ಬರೆದರೆ ಮಾತ್ರ ಅದು ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆ.

ಇದು ನಾವು ಕಂಡುಕೊಂಡ ಹೊಸ ದಾರಿಯೇನಲ್ಲ. 1990ರ ದಶಕದಲ್ಲಿಯೇ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲವಾಗಿ ಕಟ್ಟಿ, ಅವರವರ ಊರಿನ ಸುತ್ತಲ ಜೀವವೈವಿಧ್ಯವನ್ನು ಒಂದೇ ವಿಧಾನದಲ್ಲಿ ದಾಖಲಿಸುವ ಪ್ರಯತ್ನ ಮಾಡಿದ್ದರು. ದೊಡ್ಡ ಸಂಸ್ಥೆಗಳು ಇಂಥ ಕೆಲಸವನ್ನು ಬಿಡದೆ ನಡೆಸಿದರೆ ಏನು ಸಿಗುತ್ತದೆ ಎಂಬುದಕ್ಕೆ ತಮಿಳುನಾಡಿನ ಮುದುಮಲೆ ಕಾಡಿನ 50 ಹೆಕ್ಟೇರಿನ ತಾಕು ಸಾಕ್ಷಿ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಗುರುತುಹಾಕತೊಡಗಿದ ಅಲ್ಲಿನ ಮರಗಳಲ್ಲಿ ಸತ್ತದ್ದೆಷ್ಟು, ಹೊಸದಾಗಿ ಸೇರಿದ್ದೆಷ್ಟು ಎಂಬ ಎಣಿಕೆ ಇಂದಿಗೂ ಬಳಕೆಯಲ್ಲಿದೆ. ಕೇರಳದಲ್ಲಿ ವಿಷು ಹಬ್ಬಕ್ಕೆ ಅರಳಬೇಕಾದ ಕೊನ್ನೆ ಹೂ, ನಮ್ಮ ಕಕ್ಕೆ, ಈಚೆಗೆ ಮುಂಚೆಯೇ ಅರಳುತ್ತಿದೆ ಎಂದು ಜನ ಹೇಳುತ್ತಾರೆ. ಹಿಂದೆ ಯಾವಾಗ ಅರಳುತ್ತಿತ್ತೆಂದು ವಾರವಾರವೂ ಬರೆದಿಟ್ಟವರಿಲ್ಲದಿದ್ದರೆ ಆ ಮಾತನ್ನು ಒಪ್ಪುವುದೂ ಅಲ್ಲಗಳೆಯುವುದೂ ಕಷ್ಟ. ಸೀಸನ್‌ವಾಚ್‌ನಂಥ ಯೋಜನೆಗಳು ಶಾಲಾಮಕ್ಕಳಿಂದ ಈಗ ಇದನ್ನೇ ಬರೆಸುತ್ತಿವೆ. ಪದವಿ ಕಾಲೇಜುಗಳು ಹಿಂದೆ ಬಿದ್ದಿರಲು ಕಾರಣ ಕಾಣೆ.

ಕಾರಣ ಇಲ್ಲವೆಂದರೆ ಪೂರ್ತಿ ನಿಜವಾಗದು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತರುವ ಆದೇಶವನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಹೊರಡಿಸಿದ ರಾಜ್ಯ ನಮ್ಮದು. ಆ ನೀತಿಯಡಿ ಯುಜಿಸಿ ರೂಪಿಸಿದ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷ ಸಂಶೋಧನೆಯನ್ನೇ ಆರಿಸಿಕೊಂಡು 12 ಕ್ರೆಡಿಟ್ಟಿನ ಪ್ರಬಂಧ ಬರೆಯಬಹುದಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಾಲ್ಕನೆಯ ವರ್ಷದ ಫೀಸು, ಹಾಸ್ಟೆಲ್ ಖರ್ಚು ಹೊರಲಾರದ ಮನೆಗಳಿಂದ ಬರುವ ಮಕ್ಕಳೇ ನಮ್ಮಲ್ಲಿ ಹೆಚ್ಚು, ಹಾಗಾಗಿ ಮರಳಿದ್ದಕ್ಕೆ ನಾನು ಮರುಗಲಿಲ್ಲ. ಸಂಶೋಧನೆ ಶೇ. 75ರ ಗೆರೆ ದಾಟಿದವರಿಗೆ ಮಾತ್ರ ಎಂಬುದು ಕೂಡ ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಬೆಟ್ಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗಿಡ ಗುರುತಿಸುವವರು ಅಂಕಪಟ್ಟಿಯಲ್ಲಿ ಬಹಳ ಸಲ ಕೆಳಗಿರುತ್ತಾರೆ. ನನ್ನ ತಕರಾರು ಬೇರೆ. ಮೂರು ವರ್ಷದ ಪದವಿಯೊಳಗೆ ಬೆಟ್ಟಕ್ಕೆ ಹೋದ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರವೆಂದು ಎಣಿಸುವ, ಮುಗಿದ ಪ್ರಾಜೆಕ್ಟಿನ ಮೂಲ ಮಾಹಿತಿಯನ್ನು ಕಾಪಿಡುವ ವ್ಯವಸ್ಥೆ ಎಲ್ಲಿಯೂ ಇಲ್ಲ. ನಾನು ಹಿಂದೆ ಇದ್ದ ಕಾಲೇಜೊಂದರಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಹಳೆಯ ಪ್ರಾಜೆಕ್ಟು ಪ್ರತಿಗಳನ್ನು ರದ್ದಿಗೆ ಹಾಕಲಾಯಿತು. ಅವುಗಳಲ್ಲಿ, ಹೆದ್ದಾರಿ ಅಗಲವಾಗುವ ಮುನ್ನ ಅದರ ಮೇಲೆ ವಾಹನಕ್ಕೆ ಸಿಕ್ಕು ಸತ್ತ ಹಾವು ಕಪ್ಪೆಗಳನ್ನು ಬೆಳಗ್ಗೆ ನಡೆದು ಎಣಿಸಿದ ದಾಖಲೆಯೂ ಇತ್ತು. ಈಗ ಯಾರು ಎಣಿಸಿದರೂ ಸಿಗುವುದು ಅಗಲವಾದ ಮೇಲಿನ ಸಂಖ್ಯೆ ಮಾತ್ರ.

ಆದ್ದರಿಂದ ನಮ್ಮಲ್ಲಿ ಈಗ ಪ್ರತಿ ತಂಡವೂ ಬೈಂಡ್ ಮಾಡಿದ ವರದಿಯ ಜೊತೆಗೆ ಮೂಲ ಅಳತೆಗಳ ಸ್ಪ್ರೆಡ್‌ಶೀಟನ್ನೂ ರಿಜಿಸ್ಟರಿನ ಫೋಟೋಗಳನ್ನೂ ಕೊಡಲೇಬೇಕು. ಹಕ್ಕಿಗಳ ಪಟ್ಟಿಯಾದರೆ ಇ-ಬರ್ಡ್‌ಗೆ, ಗಿಡ ಕೀಟಗಳ ಚಿತ್ರವಾದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಏರಿಸಬೇಕು. ಉತ್ಸಾಹಿಗಳಾದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿಸುತ್ತೇವೆ. ಹೋಗಿ ಬಂದವರಿಗೆ ದೊಡ್ಡ ಪ್ರಯೋಗಾಲಯಗಳ ಪರಿಚಯವಾಗುತ್ತದೆ, ಜೊತೆಗೆ ನಮ್ಮ ರಿಜಿಸ್ಟರಿನ ತಪ್ಪುಗಳನ್ನು ಎತ್ತಿ ತೋರಿಸುವ ಧೈರ್ಯವೂ ಬರುತ್ತದೆ. ಸತ್ತ ಮರದ ಸಂಖ್ಯೆಯನ್ನು ಹೊಸ ಮರಕ್ಕೆ ಕೊಡಬಾರದು, ಆ ಸಾಲನ್ನು ಹಾಗೆಯೇ ಉಳಿಸಿ ಸತ್ತ ವರ್ಷ ಮತ್ತು ಕಾರಣ ಬರೆಯಬೇಕು ಎಂಬ ನಿಯಮ ಹಾಗೆ ಬಂದದ್ದು.

ಈ ವರ್ಷದ ತಂಡ ಇನ್ನೊಂದು ಬೇಡಿಕೆ ಇಟ್ಟಿದೆ. ಮರಗಳನ್ನು ಮಾತ್ರ ನೋಡಿದರೆ ಸಾಲದು, ಅವುಗಳ ಕೆಳಗೆ ಎದ್ದಿರುವ ಸಸಿಗಳನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಅವರ ವಾದ. ಬೀಜದಿಂದ ಹುಟ್ಟಿದ ಉಪ್ಪಾಗೆ ಸಸಿ ಹೂ ಬಿಡಲು ಸುಮಾರು ಹತ್ತು ವರ್ಷ ಬೇಕು, ಅಲ್ಲಿಯವರೆಗೆ ಅದು ಗಂಡೋ ಹೆಣ್ಣೋ ಎಂದು ಬರೆಯುವ ಕಾಲಂ ಖಾಲಿ ಇರುತ್ತದೆ, ಅಷ್ಟು ದೊಡ್ಡ ಖಾಲಿ ಕಾಲಂ ಇರುವ ಪ್ರಾಜೆಕ್ಟಿಗೆ ಬಾಹ್ಯ ಪರೀಕ್ಷಕರು ಅಂಕ ಕೊಡುವುದು ಅನುಮಾನ ಎಂದು ನಾನು ಎಚ್ಚರಿಸಿದೆ. ಅವರು ಹಟ ಬಿಡಲಿಲ್ಲ. ಸಸಿಗೆ ಮೊಳೆ ಹೊಡೆಯುವಂತಿಲ್ಲ, ತಂತಿ ಸುತ್ತಿದರೆ ಬೆಳೆದಂತೆ ಕಾಂಡವನ್ನು ಬಿಗಿಯುತ್ತದೆ, ದಾರ ಕಟ್ಟಿದರೆ ಸೊಪ್ಪು ಕೊಯ್ಯುವಾಗ ಹೋಗುತ್ತದೆ. ಕೊನೆಗೆ, ಹತ್ತಿರದ ಬಿಲ್ಲೆ ಇರುವ ಎರಡು ಮರಗಳಿಂದ ಪ್ರತಿ ಸಸಿಗೂ ಇರುವ ದೂರವನ್ನು ಟೇಪಿನಲ್ಲಿಯೂ ದಿಕ್ಕನ್ನು ದಿಕ್ಸೂಚಿಯಲ್ಲಿಯೂ ಅಳೆದು ನಕ್ಷೆ ಬರೆಯುವುದೆಂದು ತೀರ್ಮಾನವಾಗಿದೆ. ಹೆಗಡೆಯವರು ಆ ಭಾಗದಲ್ಲಿ ಈ ವರ್ಷ ಸೊಪ್ಪು ಕಡಿಸುವುದಿಲ್ಲವೆಂದು ಒಪ್ಪಿದ್ದಾರೆ. ಮಳೆ ಹಿಡಿಯುವುದರೊಳಗೆ ಅಳತೆ ಮುಗಿಯಬೇಕು.